ಮೊಣಕಾಲಿನ ಕೆಳಗೆ

ಕೊಡಗಿನ ಹುತ್ತರಿಯೆಂದರೆ ಹೊಸ ಕದಿರು, ಕೋಲಾಟ, ಊರು ನೆರೆಯುವ ಮಂದ್. ಆ ಮಂದಿನಲ್ಲಿಯೇ ನಡೆಯುವ ಪರೆಯಕಳಿಯ ವಿಷಯವಾಗಿ ಎರಡು ಮಾತು ಹೇಳಬಯಸುತ್ತೇನೆ. ಕಳಿ ಎಂದರೆ ಕೊಡವ ತಕ್ಕಿನಲ್ಲಿ ಆಟ. ಇಬ್ಬರು ಎದುರುಬದುರಾಗುತ್ತಾರೆ, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ನೀಳವಾದ ಬೆತ್ತ. ವಾದ್ಯದ ಗತಿಗೆ ಹೆಜ್ಜೆ. ಹೊಡೆಯಬೇಕಾದುದು ಎದುರಾಳಿಯ ಮೊಣಕಾಲಿನ ಕೆಳಗೆ ಮಾತ್ರ.

ಈ ಒಂದು ಕಟ್ಟಳೆಯಿಂದ ಎಂತಹ ಮಾರ್ಪಾಡು! ತೋಳಿನ ಬಲಕ್ಕಿಂತ ಕಾಲಿನ ಚುರುಕಿಗೆ ಬೆಲೆ ಬರುತ್ತದೆ. ಹೊಡೆಯಲೆಂದು ಮುಂದಿಟ್ಟ ಕಾಲೇ ಎದುರಾಳಿಗೆ ಗುರಿಯಾಗುತ್ತದೆ.

1993ರಲ್ಲಿ ಅಮೆರಿಕದಲ್ಲಿ ಹೊರಬಂದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಕಾಲ್ಪನಿಕ ಕಾಳಗದ ಎಲೆಯಾಟದಲ್ಲಿಯೂ ಇಂತಹುದೇ ತತ್ತ್ವವಿದೆ. ಅಲ್ಲಿ ತನ್ನ ಏಟು ತಾಗಿದೊಡನೆ ಕೊಲ್ಲುವ ಜೀವಿಗಳುಂಟು. ಎದುರಾಳಿಗಿಂತ ಮೊದಲೇ ಹೊಡೆಯುವ ಜೀವಿಗಳೂ ಉಂಟು. ಇವೆರಡು ಸಂಧಿಸಿ, ಮೊದಲ ಪೆಟ್ಟಿಗೇ ಮಾರಕ ಜೀವಿ ಬಿದ್ದುಹೋದರೆ, ಅದರ ಮಾರಕಶಕ್ತಿಗೆ ಅವಕಾಶವೇ ಒದಗುವುದಿಲ್ಲ. ಒಂಟಿಯಾಗಿರುವಾಗ ಶಕ್ತಿಯ ಬೆಲೆ ತಿಳಿಯದು. ಇನ್ನೊಂದನ್ನು ಕಟ್ಟಳೆಯೊಳಗೆ ಎದುರಿಸಿದಾಗಲೇ ಅದು ತಿಳಿಯುವುದು.

ಆದರೆ ಎಲೆಗೆ ಸಿಟ್ಟು ಬರುವುದಿಲ್ಲ. ಬೆತ್ತದ ಏಟಾದರೋ ನಿಜವಾಗಿಯೇ ಉರಿಯುತ್ತದೆ. ಕೋಪದಲ್ಲಿ ಬೆತ್ತ ಗೇಣುದ್ದ ಮೇಲೇರಿದರೂ ಆಟ ಹಗೆಯಾದೀತು. ಆದುದರಿಂದಲೇ ಹಿರಿಯರು ಬಳಿಯಲ್ಲಿದ್ದು, ಕಾವೇರಿದವರನ್ನು ಬಿಡಿಸುತ್ತಾರೆ. ಆಡಿದವರು ಕೊನೆಗೆ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ.

ಕೊಡವರ ಶೌರ್ಯವನ್ನು ಕೋವಿ, ಪೀಚೆಕತ್ತಿಗಳಿಂದ ಅಳೆಯುವುದು ನಮ್ಮ ರೂಢಿ. ಉರಿಯುವ ಕಾಲಿನ ಮೇಲೆ ನಿಂತೂ ಬೆತ್ತವನ್ನು ಮೊಣಕಾಲಿನಿಂದ ಮೇಲೇರಗೊಡದ ಕೈಯಲ್ಲಿ ಅದಕ್ಕಿಂತ ಹಿರಿದಾದ ಶೌರ್ಯವಿದೆಯೆಂದು ನನಗೆ ತೋರುತ್ತದೆ. ಹೊಡೆಯಬಲ್ಲವನು ಎಲ್ಲಿ ಹೊಡೆಯಬಾರದೆಂಬುದನ್ನೂ ಅರಿತಿರುವುದರಿಂದಲೇ ಮರುವರ್ಷವೂ ಅದೇ ಮಂದಿನಲ್ಲಿ ಊರು ಸೇರುತ್ತದೆ.