ಸಿರಾಕ್ಯೂಸ್ ಪಟ್ಟಣದ ಪ್ರಾಚೀನ ಸ್ಥಳಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಭೂಮಧ್ಯ ಸಮುದ್ರದಲ್ಲಿ ಇಟಲಿಗೆ ಸೇರಿದ ಸಿಸಿಲಿ ಎಂಬ ದ್ವೀಪವುಂಟು. ಅದರ ಮೂಡಣ ಕರಾವಳಿಯಲ್ಲಿರುವ ಸಿರಾಕ್ಯೂಸ್ ಪಟ್ಟಣದಲ್ಲಿ ನೋಡತಕ್ಕ ಪ್ರಾಚೀನ ಸ್ಥಳಗಳನ್ನು ಕುರಿತು ಕೆಲವು ಮಾತುಗಳನ್ನು ಇಂದು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಸೇರಿದ ಸಭೆಯಲ್ಲಿ ಅಷ್ಟು ದೂರದ ಊರಿನ ಮಾತೇಕೆಂದು ಕೆಲವರು ಕೇಳಿಯಾರು. ತಾಯ್ನಾಡಿನಿಂದ ದೂರವಿದ್ದೂ ತಮ್ಮ ನುಡಿಯನ್ನು ಸಾವಿರ ವರ್ಷಗಳಿಗೂ ಮಿಗಿಲಾಗಿ ಆಡಿದ ಜನರ ಊರದು. ಆ ನುಡಿ ಇಂದು ಅಲ್ಲಿ ಯಾರ ಮನೆಯ ಮಾತೂ ಅಲ್ಲ. ಈ ಕಾರಣದಿಂದ ಆ ಊರಿನ ಕಥೆ ನಮಗೆ ಹೊರಗಿನದಲ್ಲ.

ಕ್ರಿ. ಪೂ. 734ರ ಸುಮಾರಿಗೆ ಗ್ರೀಸ್ ದೇಶದ ಕಾರಿಂತ್ ಪಟ್ಟಣದಿಂದ ಬಂದವರು ಇಲ್ಲಿ ನೆಲಸಿದರೆಂದು ಪ್ರಾಚೀನರು ಹೇಳುತ್ತಾರೆ. ಅವರು ಮೊದಲು ಬೀಡುಬಿಟ್ಟ ಆರ್ಟೀಜಿಯ ಎಂಬ ನಡುಗಡ್ಡೆಯೇ ಇಂದಿನ ಹಳೆಯ ಪೇಟೆ. ಅಲ್ಲಿ ಸಮುದ್ರದ ಅಂಚಿನಲ್ಲಿಯೇ ಅರೆತೂಸ ಎಂಬ ಸಿಹಿನೀರಿನ ಬುಗ್ಗೆಯಿದೆ. ಗ್ರೀಸಿನ ಅಪ್ಸರೆಯೊಬ್ಬಳು ತನ್ನನ್ನು ಬೆನ್ನಟ್ಟಿದ ನದೀದೇವನಿಂದ ತಪ್ಪಿಸಿಕೊಂಡು, ಕಡಲಡಿಯಲ್ಲಿ ಹರಿದುಬಂದು ಇಲ್ಲಿ ಚಿಮ್ಮಿದಳೆಂಬುದು ಅದರ ಸ್ಥಳಪುರಾಣ. ತೌರುಮನೆಯ ನೀರೇ ತಮ್ಮ ಹೊಸ ಊರಿಗೂ ಬಂದಿದೆಯೆಂದು ನಂಬಿದ ಆ ಜನರ ಹಂಬಲವು ಈ ಕಥೆಯಲ್ಲಿ ಅಡಗಿದೆ.

ನಡುಗಡ್ಡೆಯನ್ನು ಪ್ರವೇಶಿಸುವಲ್ಲಿ ಅಪೋಲೋ ದೇವನ ಗುಡಿಯ ಅವಶೇಷಗಳು ಕಾಣುತ್ತವೆ. ಕ್ರಿ. ಪೂ. ಆರನೆಯ ಶತಮಾನದ ಈ ಗುಡಿಯ ಮೆಟ್ಟಿಲಿನ ಕಲ್ಲಿನಲ್ಲಿ, ಇದನ್ನು ಅಪೋಲೋವಿಗಾಗಿ ಮಾಡಿದವನಾರೆಂಬುದನ್ನು ದೊಡ್ಡ ಗ್ರೀಕ್ ಅಕ್ಷರಗಳಲ್ಲಿ ಕೊರೆದಿದ್ದಾರೆ.

ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಪಟ್ಟಣದ ಮುಖ್ಯ ಇಗರ್ಜಿ. ಅದರ ಮುಂಭಾಗ ಹದಿನೆಂಟನೆಯ ಶತಮಾನದ್ದು. 1693ರ ಭೂಕಂಪದಲ್ಲಿ ಹಾನಿಗೊಂಡ ಬಳಿಕ ಕಟ್ಟಿದುದು. ಆದರೆ ಪಕ್ಕದ ಗೋಡೆಯನ್ನು ನಿಟ್ಟಿಸಿದವರು ಬೆರಗಾಗುತ್ತಾರೆ. ಗೋಡೆಯೊಳಗಿಂದ ಭಾರಿ ಗ್ರೀಕ್ ಕಂಬಗಳು ಹೊರಚಾಚಿಕೊಂಡಿವೆ! ಕ್ರಿ. ಪೂ. 480ರ ಯುದ್ಧದಲ್ಲಿ ಕಾರ್ತೇಜಿನವರನ್ನು ಗೆದ್ದ ಗೆಲೋನನೆಂಬ ಅರಸನ ಕಾಲದಲ್ಲಿ ಅಥೀನಾ ದೇವಿಗೆ ಎತ್ತಿಸಿದ ಗುಡಿಯ ಕಂಬಗಳವು. ಏಳನೆಯ ಶತಮಾನದಲ್ಲಿ ಕಂಬಗಳ ನಡುವೆ ಗೋಡೆ ತುಂಬಿ, ಗರ್ಭಗೃಹದ ಗೋಡೆಗಳಲ್ಲಿ ಕಮಾನುಗಳನ್ನು ಕೊರೆದು, ಗುಡಿಯನ್ನು ಇಗರ್ಜಿಯಾಗಿಸಿದರು. 878ರಲ್ಲಿ ಅರಬರು ಪಟ್ಟಣವನ್ನು ಗೆದ್ದ ಮೇಲೆ ಅದು ಮಸೀದಿಯಾಯಿತು. ನಾರ್ಮನ್ ಅರಸರ ಕಾಲದಲ್ಲಿ ಮತ್ತೆ ಇಗರ್ಜಿಯಾಯಿತು. ಎರಡು ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳಿಂದ ಆ ಕಂಬಗಳು ನಿಂತಿರುವುದಕ್ಕೆ, ಒಂದಲ್ಲ ಒಂದು ದೇವರನ್ನು ಕುರಿತ ಪ್ರಾರ್ಥನೆಗೆ ಜನ ಅಲ್ಲಿಗೆ ಬರುತ್ತಲೇ ಇದ್ದುದು ದೊಡ್ಡ ಕಾರಣ. ಬಳಕೆಯಲ್ಲಿಲ್ಲದ ಕಟ್ಟಡಗಳ ಪಾಡು ಬೇರೆ. ಊರ ಹೊರಗಿನ ಬಯಲು ನಾಟಕಶಾಲೆಯ ಕಲ್ಲುಗಳನ್ನು ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಕೋಟೆ ಕಟ್ಟಲು ಕಿತ್ತೊಯ್ದರು.

ಆ ನಾಟಕಶಾಲೆಯನ್ನು ಗುಡ್ಡದ ಬಂಡೆಯಲ್ಲಿಯೇ ಕಡೆದು ಮಾಡಿದ್ದಾರೆ. ಆದುದರಿಂದ ಅದರ ಬಹುಭಾಗ ಉಳಿದಿದೆ. 1914ರಲ್ಲಿ ಇಲ್ಲಿ ಪ್ರಾಚೀನ ಗ್ರೀಕ್ ನಾಟಕಗಳ ಪ್ರಯೋಗ ಮತ್ತೆ ಮೊದಲಾಯಿತು. ನಾಟಕಗಳು ಗ್ರೀಕರವು, ಆಡುವ ಮಾತು ಇಟಾಲಿಯನ್.

ಪಕ್ಕದಲ್ಲಿ ಕಲ್ಲುಗಣಿಗಳ ಆಳವಾದ ಕಮರಿಗಳಿವೆ. ಕ್ರಿ. ಪೂ. 413ರಲ್ಲಿ ಈ ಊರಿನ ಮೇಲೆ ದಂಡೆತ್ತಿ ಬಂದು ಸೋತ ಅಥೆನ್ಸಿನ ಸೈನಿಕರನ್ನು ಇಂತಹ ಗಣಿಗಳಲ್ಲಿ ಕೂಡಿಹಾಕಿದ್ದರು. ಸೆರೆಯಾದವರು ಏಳು ಸಾವಿರಕ್ಕೆ ಕಡಮೆಯಿಲ್ಲವೆಂದು ಇತಿಹಾಸಕಾರ ಥ್ಯುಸಿಡಿಡೀಸನು ಬರೆದಿದ್ದಾನೆ. ಬಿಸಿಲು, ಚಳಿ, ಹಸಿವು, ರೋಗಗಳಿಂದ ಅನೇಕರು ಅಲ್ಲಿಯೇ ಮಡಿದರು. ಇನ್ನು ಕೆಲವರು ದಾಸರಾಗಿ ಮಾರಾಟವಾದರು. ಅವರಲ್ಲಿ ಯೂರಿಪಿಡೀಸ್ ಕವಿಯ ಪದ್ಯಗಳು ಬಾಯಿಗೆ ಬರುತ್ತಿದ್ದ ಕೆಲವರು ಅವನ್ನು ಒಡೆಯರಿಗೆ ಕಲಿಸಿ ಬಿಡುಗಡೆ ಹೊಂದಿದರೆಂದೂ, ಊರಿಗೆ ಮರಳಿ ಕವಿಗೆ ಕೃತಜ್ಞತೆ ಸಲ್ಲಿಸಿದರೆಂದೂ ಪ್ಲುಟಾರ್ಕನು ಹೇಳುತ್ತಾನೆ. ಹಗೆಗಳಾದರೂ ಇಬ್ಬರದೂ ಒಂದೇ ನುಡಿಯಾಗಿತ್ತು.

ಕ್ರಿ. ಪೂ. 212ರಲ್ಲಿ ರೋಮನರು ಸಿರಾಕ್ಯೂಸನ್ನು ಹಿಡಿದಾಗ, ಇಲ್ಲಿಯವನೇ ಆದ ಮಹಾಗಣಿತಜ್ಞ ಆರ್ಕಿಮಿಡೀಸನು ಸೈನಿಕನೊಬ್ಬನ ಕತ್ತಿಗೆ ಬಲಿಯಾದನು. ಕ್ರಿ. ಪೂ. 75ರಲ್ಲಿ ರೋಮಿನ ಅಧಿಕಾರಿಯಾಗಿ ಬಂದ ಸಿಸಿರೋ ಅವನ ಸಮಾಧಿಯೆಲ್ಲಿ ಎಂದು ವಿಚಾರಿಸಿದಾಗ, ಅಂತಹುದು ಇಲ್ಲವೇ ಇಲ್ಲವೆಂದರಂತೆ ಊರವರು! ಮುಳ್ಳುಪೊದೆಗಳ ನಡುವೆ, ಗೋಲವನ್ನೂ ಸ್ತಂಭಾಕೃತಿಯನ್ನೂ ಹೊತ್ತ ಚಿಕ್ಕ ಕಂಬವೊಂದನ್ನು ಸಿಸಿರೋ ತಾನೇ ಗುರುತಿಸಿ, ಪೊದೆ ಕಡಿಸಿ ತೋರಿಸಿಕೊಟ್ಟನು. ಇಂದು ಆರ್ಕಿಮಿಡೀಸನ ಸಮಾಧಿಯೆಂದು ತೋರಿಸುವ ಗುಹೆಯಾದರೋ ರೋಮನರ ಕಾಲದ್ದು. ನಿಜವಾದುದು ಮತ್ತೆ ಕಣ್ಮರೆಯಾಗಿದೆ.

ನಾರ್ಮನ್ ಅರಸರ ಕಾಲದಲ್ಲಿಯೂ ಸಿಸಿಲಿಯ ರಾಜಪತ್ರಗಳನ್ನು ಲ್ಯಾಟಿನ್, ಅರಬಿಗಳೊಡನೆ ಗ್ರೀಕಿನಲ್ಲಿಯೂ ಬರೆಯುತ್ತಿದ್ದರು. ಅನಂತರ ಅದು ಮೆಲ್ಲಮೆಲ್ಲನೆ ಮರೆಯಾಯಿತು. ಸಿರಾಕ್ಯೂಸಿನ ಶಿಲೆಗಳು 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದುವು. ಆದರೆ ಆ ಶಿಲೆಗಳನ್ನು ನಿಲ್ಲಿಸಿದವರ ನುಡಿಯನ್ನು ಕೇಳಬೇಕಾದರೆ ಕಡಲ ಆಚೆಗೆ, ಇಟಲಿಯ ತೆಂಕಣ ತುದಿಯ ಕಲಾಬ್ರಿಯ, ಸಲೆಂಟೋ ಸೀಮೆಗಳ ಕೆಲವು ಹಳ್ಳಿಗಳಿಗೆ ಹೋಗಬೇಕು. ಅಲ್ಲಿಯ ಮುದುಕರು ಒಂದು ಬಗೆಯ ಗ್ರೀಕನ್ನು ಇನ್ನೂ ಆಡುತ್ತಾರೆ. 1999ರಲ್ಲಿ ಇಟಲಿಯ ಶಾಸನವು ಅದಕ್ಕೆ ಮನ್ನಣೆಯಿತ್ತಿತು. ಆದರೂ ಆಡುವ ಮಕ್ಕಳು ಬಲು ವಿರಳ.

ಮಹನೀಯರೆ, ಮಹಿಳೆಯರೆ, ನಮ್ಮ ಸೀಮೆಯ ಹಳ್ಳಿಹಳ್ಳಿಯ ಗುಡಿಗಳಲ್ಲಿಯೂ ಕನ್ನಡ ಶಾಸನಗಳಿವೆ. ಅವುಗಳ ಮುಂದೆ ದಿನವೂ ನಡೆದು ಹೋಗುತ್ತೇವೆ. ಅವನ್ನು ನಮಗೆ ಓದಿ ಹೇಳಲು ಯಾವನೋ ಸಿಸಿರೋ ಹೊರಗಿನಿಂದ ಬರುವಂತಾಗಬಾರದು. ಪೇಟೆಯಲ್ಲಿ ನೆರೆಯವರ ಮರಾಠಿಯನ್ನು ಪ್ರೀತಿಯಿಂದ ಆಡೋಣ. ಅದು ನಮಗೆ ಅನ್ನ ಕೊಡುವ ಭಾಷೆ. ಮನೆಯಲ್ಲಿ ಮಾತ್ರ ಮಗು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡಲಿ, ಕನ್ನಡ ಶಾಲೆಗೆ ಹೋಗಲಿ, ನಾಲ್ಕು ವಚನಗಳನ್ನು ಬಾಯಿಪಾಠ ಮಾಡಲಿ. ಮುಂದಿನ ವಾರ್ಷಿಕೋತ್ಸವದೊಳಗೆ ತಂತಮ್ಮ ಊರ ಗುಡಿಯ ಶಾಸನವನ್ನು ಒಬ್ಬೊಬ್ಬ ವಿದ್ಯಾರ್ಥಿಯೂ ನಕಲು ಮಾಡಿ ತರುವಂತಾಗಲೆಂದು ಕೋರುತ್ತೇವೆ.