ಆರಡಿ ನೀರಿನ ಯುದ್ಧನೌಕೆ

ಚೀನದ ನದಿಗಳ ಆಳವಿಲ್ಲದ ಕವಲುಗಳೇ ಒಂದು ಕಾಲಕ್ಕೆ ಆ ದೇಶಕ್ಕೆ ಕೋಟೆಯಾಗಿದ್ದುವು. ದೊಡ್ಡ ಯುದ್ಧನೌಕೆಗಳು ಅಲ್ಲಿ ನುಸುಳಲಾರದಾಗಿದ್ದುವು. ಆ ಕೋಟೆಯನ್ನು ಭೇದಿಸಿದುದು ಈಸ್ಟ್ ಇಂಡಿಯಾ ಕಂಪೆನಿಯ 'ನೆಮೆಸಿಸ್' ಎಂಬ ಉಗಿಹಡಗು. 1839ರಲ್ಲಿ ಇಂಗ್ಲೆಂಡಿನ ಬರ್ಕೆನ್‌ಹೆಡ್‌ನಲ್ಲಿ ಜಾನ್ ಲೇರ್ಡ್ ನಿರ್ಮಿಸಿದ ಈ ನೌಕೆಯ ಒಡಲು ಕಬ್ಬಿಣದ್ದು. ಇಕ್ಕೆಲಗಳಲ್ಲಿ ನೀರನ್ನು ತಳ್ಳುವ ಚಕ್ರಗಳು. 184 ಅಡಿ ಉದ್ದವಿದ್ದರೂ ಅದು ತೇಲಲು ಸುಮಾರು 6 ಅಡಿ ನೀರು ಸಾಕಾಗಿತ್ತು. ಗಾಳಿಯ ಹಂಗಿಲ್ಲದೆ ಅದು ಪ್ರವಾಹಕ್ಕೆದುರಾಗಿ ಸಾಗಬಲ್ಲುದಾಗಿತ್ತು.

ಕ್ಯಾಪ್ಟನ್ ವಿಲಿಯಂ ಹಾಲ್‌ನ ನೇತೃತ್ವದಲ್ಲಿ ಆಫ್ರಿಕದ ತುದಿಯನ್ನು ಬಳಸಿ ಬಂದ ಅದು, 1841ರ ಜನವರಿ 7ರಂದು ಪರ್ಲ್ ನದಿಯ ಮುಖದಲ್ಲಿ ಚೀನೀ ಯುದ್ಧದೋಣಿಯೊಂದನ್ನು ರಾಕೆಟ್ಟಿನಿಂದ ಸಿಡಿಸಿತು.

ಆ ಯುದ್ಧದ ಮೂಲದಲ್ಲಿದ್ದುದು ಭಾರತದ ಹೊಲಗಳಲ್ಲಿ ಬೆಳೆದ ಅಫೀಮು. ಅದರ ವ್ಯಾಪಾರಕ್ಕೆ ತಡೆಯೊಡ್ಡಿದ ಚೀನ, 1842ರಲ್ಲಿ ಹಾಂಗ್‌ಕಾಂಗನ್ನೇ ತೆರಬೇಕಾಯಿತು. ಯಂತ್ರದ ಜಾಣ್ಮೆಯನ್ನು ಮೆಚ್ಚುವಾಗ, ಅದು ಯಾವ ಸರಕಿಗೆ ದಾರಿ ತೆರೆಯಿತೆಂಬುದನ್ನೂ ನಾವು ಕೇಳಿಕೊಳ್ಳಬೇಕು.