ಡಾಕ್ಟರ್ ಸೀಟು ಸಿಗದಿದ್ದರೆ ಓದು ಮುಗಿಯಿತೇ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಿಯುಸಿ ವಿಜ್ಞಾನದ ನಂತರ ಮುಂದೇನು ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ: ನೀಟ್ ಬರೆ, ಡಾಕ್ಟರ್ ಆಗು. ಆ ಆಸೆ ತಪ್ಪಲ್ಲ. ಆದರೆ ಬರೆದವರಿಗೆಲ್ಲ ಸೀಟು ಸಿಗುವುದಿಲ್ಲ. ಸಿಗದವರು ಎರಡು ಮೂರು ವರ್ಷ ಮತ್ತೆ ಮತ್ತೆ ಬರೆಯುತ್ತಾರೆ. ಆಮೇಲೆ ಹುಡುಗನಾದರೆ ಅಂಗಡಿಗೋ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೋ ಹೋಗುತ್ತಾನೆ. ಹುಡುಗಿಯಾದರೆ ಓದೇ ನಿಂತುಹೋಗುತ್ತದೆ. ಈ ಮಕ್ಕಳ ಸಲುವಾಗಿ ಇಂದು ನಾನು ಪ್ರಯೋಗಾಲಯ ವಿಜ್ಞಾನದ ಪದವಿಯ ಬಗ್ಗೆ ಮಾತನಾಡುತ್ತೇನೆ.

ಈ ಕೆಲಸ ಎಷ್ಟು ದೊಡ್ಡದು ಎಂಬುದನ್ನು ನಮ್ಮ ಜಿಲ್ಲೆಯೇ ಇಡೀ ದೇಶಕ್ಕೆ ತೋರಿಸಿದೆ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು. ಅವರ ಮಾದರಿಯನ್ನು ಹಿಂದಿನ ದಿನವೇ ತೆಗೆದಿದ್ದರು. ಆದರೆ ಪರೀಕ್ಷೆಗೆ ಅದನ್ನು ಬೆಂಗಳೂರಿಗೆ, ಸುಮಾರು 600 ಕಿಲೋಮೀಟರ್ ದೂರ ಕಳಿಸಬೇಕಾಯಿತು. ಸೋಂಕು ದೃಢಪಟ್ಟ ಸುದ್ದಿ ಬಂದದ್ದು ಮಾರ್ಚ್ 12ರಂದು. ಪರೀಕ್ಷೆ ಇಲ್ಲೇ ಆಗಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಮನೆಯವರು, ಅವರನ್ನು ನೋಡಿದ ಡಾಕ್ಟರು, ನರ್ಸುಗಳು ಆ ದಿನಗಳಲ್ಲಿ ಖಚಿತವಾಗಿ ಏನೂ ತಿಳಿಯದೆ ಇದ್ದರು. ಅದೇ ವರ್ಷ ಕಲಬುರಗಿಯ ಜಿಮ್ಸ್‌ನಲ್ಲಿ ಈ ಪರೀಕ್ಷೆ ಶುರುವಾಯಿತು. ಯಂತ್ರವನ್ನು ದುಡ್ಡು ಕೊಟ್ಟು ತರಬಹುದು. ಅದರ ಮುಂದೆ ಕೂತು ಸರಿಯಾದ ಫಲಿತಾಂಶ ಕೊಡುವ ಕೈಯನ್ನು ಕಾಲೇಜೇ ತಯಾರು ಮಾಡಬೇಕು.

ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಮನುಷ್ಯನಿಗೆ ವಾರಗಟ್ಟಲೆ ಕೆಮ್ಮು ಇದೆ ಎನ್ನಿ. ಅದು ಧೂಳಿನದೋ ಕ್ಷಯದ್ದೋ? ನೋಡಿದರೆ ಗೊತ್ತಾಗುವುದಿಲ್ಲ. ಕಫ ಪರೀಕ್ಷೆ ಆಗಬೇಕು, ಎಕ್ಸ್‌ರೇ ಆಗಬೇಕು. ಬಸುರಿ ಹೆಣ್ಣುಮಗಳ ರಕ್ತ ಎಷ್ಟು ಕಡಿಮೆಯಿದೆ ಎಂದು ಹೇಳುವುದೂ ಲ್ಯಾಬೇ. ಅಲ್ಲಿ ತಪ್ಪಾದರೆ ಡಾಕ್ಟರ ಔಷಧವೂ ತಪ್ಪಾಗುತ್ತದೆ.

ಈಗ ಮೂರು ಹೆಸರುಗಳನ್ನು ಬೇರೆ ಬೇರೆಯಾಗಿ ತಿಳಿಯಿರಿ. ಬಿ.ಎಸ್ಸಿ. ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ ಆಸ್ಪತ್ರೆಯ ಲ್ಯಾಬಿಗೆ ತಯಾರು ಮಾಡುವ ಪದವಿ. ನಮ್ಮಲ್ಲಿ ಇದು ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಎಂದು ನಡೆದು ಬಂದಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಇದರ ಬುನಾದಿ. ಎರಡನೆಯದು ಬಯೋಮೆಡಿಕಲ್ ಸೈನ್ಸ್. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಇದೆ. ಇದು ಎಂ.ಎಸ್ಸಿ., ಸಂಶೋಧನೆಯ ಕಡೆಗೆ ಒಯ್ಯುವ ದಾರಿ. ಮೂರನೆಯದು ಬಯೋಮೆಡಿಕಲ್ ಎಂಜಿನಿಯರಿಂಗ್. ಅದು ಯಂತ್ರಗಳ ವಿದ್ಯೆ, ಗಣಿತ ಬೇಕು. ಹೆಸರು ಹತ್ತಿರ ಇದೆ ಎಂದು ಒಂದರ ಬದಲು ಇನ್ನೊಂದಕ್ಕೆ ಸೇರಬೇಡಿ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಪದವಿ ಪಡೆದವರು ಡಾಕ್ಟರ್ ಆಗುವುದಿಲ್ಲ, ಔಷಧ ಬರೆಯುವಂತಿಲ್ಲ. ಲ್ಯಾಬ್ ವರದಿಗೆ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರ ಸಹಿ ಇರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇದನ್ನು ತಿಳಿದೇ ಸೇರಿದರೆ ಮುಂದೆ ಬೇಸರವಿಲ್ಲ.

ಮೋಸದ ಬಗ್ಗೆಯೂ ಎಚ್ಚರವಿರಲಿ. ಎರಡು ಕೋಣೆ, ಒಂದು ಬೋರ್ಡು ಇಟ್ಟುಕೊಂಡು 'ಪ್ಯಾರಾಮೆಡಿಕಲ್' ಎಂದು ಫೀಸು ಕೀಳುವವರಿದ್ದಾರೆ. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಈ ವರ್ಷದ ಮಾನ್ಯತೆಯ ಪತ್ರ ಎಲ್ಲಿದೆ? ಮಕ್ಕಳು ಕೈಕೆಲಸ ಕಲಿಯುವ ಆಸ್ಪತ್ರೆ ಯಾವುದು? ಈ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿದೆ, ನೋಂದಣಿಯ ವ್ಯವಸ್ಥೆ ಅದರಲ್ಲಿದೆ. ಮಾನ್ಯತೆಯಿಲ್ಲದ ಪತ್ರಕ್ಕೆ ನಾಳೆ ಬೆಲೆ ಇರುವುದಿಲ್ಲ.

ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್ ಕಾಲೇಜು, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಇವೆ. ಎಲ್ಲಿ ಯಾವ ಕೋರ್ಸು, ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ. 371ಜೆ ಪ್ರಕಾರ ನಮ್ಮ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳ ಮೀಸಲಾತಿ ಇದೆ. ಆದರೆ ಉಪವಿಭಾಗಾಧಿಕಾರಿಗಳ ಕಚೇರಿಯ ಅರ್ಹತಾ ಪತ್ರ ಕೈಯಲ್ಲಿಲ್ಲದಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಈ ಪತ್ರ, ಜಾತಿ ಮತ್ತು ಆದಾಯ ಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಿಸಿಡಿ. ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ನಿಮ್ಮ ಕೋರ್ಸಿಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಉರ್ದು, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಪುಸ್ತಕ ನೋಡಿ ಹೆದರುತ್ತಾರೆ. ಮೊದಲ ಆರು ತಿಂಗಳು ಕಷ್ಟವೇ. ದಿನಕ್ಕೆ ಹತ್ತು ಹೊಸ ಶಬ್ದ ಅರ್ಥಸಹಿತ ಬರೆದಿಡಿ, ವರ್ಷ ತಿರುಗುವುದರೊಳಗೆ ಆ ಶಬ್ದಗಳೇ ನಿಮ್ಮ ಮಾತಾಗುತ್ತವೆ.

ಕೊನೆಯದಾಗಿ ತಂದೆ ತಾಯಿಗಳಿಗೆ ಒಂದು ವಿನಂತಿ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂಗೆ ರೈಲು ಇದೆ, ಚಿಂಚೋಳಿಯವರಿಗೆ ಬಸ್ಸೇ ಗತಿ. ಈ ದೂರ ಎಲ್ಲರಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಓದನ್ನು ನಿಲ್ಲಿಸುತ್ತದೆ. ಇಬ್ಬರು ಮೂವರು ಹುಡುಗಿಯರನ್ನು ಜೊತೆಗೂಡಿಸಿ ಕಳಿಸಿ, ಹಾಸ್ಟೆಲ್ ಬೇಕಾದರೆ ಸಂಘ ಮುಂದೆ ನಿಂತು ವಿಚಾರಿಸಲಿ. ನಮ್ಮ ತಾಯಂದಿರು ರಕ್ತ ಪರೀಕ್ಷೆಗೆ ಹೋದಾಗ ಅವರ ಮಾತು ಬಲ್ಲ ಒಬ್ಬ ಮಗಳು ಅಲ್ಲಿ ಕೂತಿದ್ದರೆ, ಸಂಕೋಚದಿಂದ ಮುಚ್ಚಿಡುವ ಎಷ್ಟೋ ಕಾಯಿಲೆಗಳು ಬೇಗ ಬೆಳಕಿಗೆ ಬರುತ್ತವೆ.